ಹೊಸ ಮಗ್ಗ ಆಮೇಲೆ, ಮೊದಲು ನೇಕಾರರ ಮಜೂರಿ

ಪ್ರಶ್ನೆ: ನಮ್ಮದು ಹುನಗುಂದ ಕಡೆಯ ಒಂದು ಸಣ್ಣ ಊರು. ನಾನು ಚಿಕ್ಕವನಿದ್ದಾಗ ಓಣಿ ತುಂಬಾ ಮಗ್ಗದ ಸಪ್ಪಳ ಇರುತ್ತಿತ್ತು, ಎಲ್ಲರೂ ಇಳಕಲ್ ಸೀರೆ ನೇಯುತ್ತಿದ್ದರು. ಈಗ ಹನ್ನೊಂದು ಮಗ್ಗ ಮಾತ್ರ ನಡೆಯುತ್ತಿವೆ. ನೇಯುವವರೆಲ್ಲ ಐವತ್ತು ದಾಟಿದವರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಾವು ಐದು ಜನ ಗೆಳೆಯರು ಸೇರಿ ದುಡ್ಡು ಹಾಕಿ, ಶೆಡ್ ಕಟ್ಟಿಸಿ, ಇಪ್ಪತ್ತು ಹೊಸ ಮಗ್ಗ ತಂದು ಹುಡುಗರಿಗೆ ತರಬೇತಿ ಕೊಡಿಸಬೇಕು ಅಂತ ಇದ್ದೇವೆ. ಎಲ್ಲಿಂದ ಶುರು ಮಾಡಬೇಕು? ಸರ್ಕಾರದಿಂದ ಏನು ಸಿಗುತ್ತದೆ? ಆನ್‌ಲೈನ್‌ನಲ್ಲಿ ಮಾರಿದರೆ ಸಾಕಾ?

ಉತ್ತರ: ಮಗ್ಗ ಕೊಳ್ಳುವ ವಿಚಾರ ಸದ್ಯಕ್ಕೆ ಬಿಡಿ. ಶೆಡ್ಡಿನ ವಿಚಾರವನ್ನೂ ಬಿಡಿ. ನಿಮ್ಮೂರಿನಲ್ಲಿ ನೇಯ್ಗೆ ನಿಂತಿದ್ದು ಮಗ್ಗ ಇಲ್ಲದೆ ಅಲ್ಲ. ನೇಯ್ಗೆ ಬಿಟ್ಟ ಹತ್ತು ಮನೆಗೆ ಹೋಗಿ ನೋಡಿ. ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಜೋಳದ ಚೀಲ ಇಟ್ಟಿರುತ್ತಾರೆ. ಹಣಿಗೆ, ಲಾಳಿ ಅಟ್ಟದಲ್ಲಿ ಬಿದ್ದಿರುತ್ತವೆ. ಮಗ್ಗ ಇದ್ದೂ ನೇಯ್ಗೆ ಬಿಟ್ಟವರಿಗೆ ಇನ್ನೊಂದು ಮಗ್ಗ ಕೊಟ್ಟರೆ ಅವರೇನು ಮಾಡಬೇಕು?

ಅವರು ಬಿಟ್ಟಿದ್ದು ಮಜೂರಿ ಗಿಟ್ಟಲಿಲ್ಲ ಅಂತ. ಹಾಗಾಗಿ ನಿಮ್ಮ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು. ಒಂದು ನೋಟ್‌ಬುಕ್ ತಗೊಂಡು ಈಗಲೂ ನೇಯುತ್ತಿರುವ ಹನ್ನೊಂದು ಮನೆಗೂ ಹೋಗಿ. ಸೀರೆಗೆ ಮಜೂರಿ ಎಷ್ಟು ಅಂತ ಕೇಳಿದರೆ ಒಂದು ಅಂಕಿ ಹೇಳುತ್ತಾರೆ. ಎಷ್ಟು ದಿನ ಹಿಡಿಯುತ್ತದೆ ಅಂದರೆ ಮಗ್ಗದ ಮೇಲೆ ಕೂತ ದಿನ ಮಾತ್ರ ಹೇಳುತ್ತಾರೆ. ಇಲ್ಲೇ ಲೆಕ್ಕ ತಪ್ಪುವುದು. ನೂಲು ಬಿಡಿಸಿದ್ದು, ಹಾಸು (ಮಗ್ಗಕ್ಕೆ ಉದ್ದಕ್ಕೆ ಏರಿಸುವ ಎಳೆಗಳು) ಮಾಡಿದ್ದು, ಗಂಜಿ ಹಾಕಿದ್ದು, ಲಾಳಿಯೊಳಗೆ ಇಡುವ ಕಂಡಿಕೆ ಸುತ್ತಿದ್ದು ಯಾರು? ಮನೆಯ ಹೆಂಗಸರು, ಮುದುಕರು. ಅವರ ಕೆಲಸಕ್ಕೆ ಬೆಲೆ ಕಟ್ಟಿದವರೇ ಇಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗದ ಕೆಲಸಗಾರರು ಸಿಕ್ಕರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಹೆಂಗಸರೇ. ಅವರ ದಿನಗಳನ್ನು ಬಿಟ್ಟು ಹಾಕುವ ಲೆಕ್ಕ ಲೆಕ್ಕವೇ ಅಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳನ್ನು ನಾನು ಸುಮ್ನೆ ಹಾಕಿದ್ದೇನೆ, ನಿಮ್ಮೂರಿನ ಅಂಕಿ ನೀವೇ ಹಾಕಿಕೊಳ್ಳಿ. ಸೀರೆಗೆ ಮಜೂರಿ 1,200 ರೂಪಾಯಿ, ನೇಯಲು ಮೂರು ದಿನ. ದಿನಕ್ಕೆ 400 ಆಯಿತು, ಪರವಾಗಿಲ್ಲ ಅನ್ನಿಸುತ್ತದೆ. ಮನೆಯವರು ಸಿದ್ಧತೆಗೆ ಹಾಕಿದ ಎರಡು ದಿನ ಸೇರಿಸಿ ನೋಡಿ. ಐದು ದಿನಕ್ಕೆ 1,200, ಅಂದರೆ ದಿನಕ್ಕೆ 240. ಉದ್ಯೋಗ ಖಾತ್ರಿಯಲ್ಲೇ ಕರ್ನಾಟಕದ ದಿನಗೂಲಿ 2025–26ರಲ್ಲಿ 370 ರೂಪಾಯಿ ಇತ್ತು. ಮಣ್ಣು ಹೊತ್ತರೆ ಸಿಗುವುದಕ್ಕಿಂತ ರೇಷ್ಮೆ ಸೆರಗು ನೇಯ್ದರೆ ಕಡಿಮೆ ಸಿಗುತ್ತದೆ ಅಂದರೆ ಯಾವ ಹುಡುಗ ಮಗ್ಗಕ್ಕೆ ಇಳಿಯುತ್ತಾನೆ? ಅವನಿಗೆ ಪರಂಪರೆ ಮೇಲೆ ಭಾಷಣ ಮಾಡುವುದು ನನಗಂತೂ ಸರಿ ಅನ್ನಿಸುವುದಿಲ್ಲ.

ಈಗ ಅದೇ ಲೆಕ್ಕವನ್ನು ತಿರುಗಿಸಿ. ತಲೆಗೆ ದಿನಕ್ಕೆ 500 ಕೊಡಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಐದು ದಿನಕ್ಕೆ 2,500 ಆಯಿತು. ನೂಲು, ರೇಷ್ಮೆ, ಬಣ್ಣಕ್ಕೆ 1,500 ಅನ್ನಿ. ಬಡ್ಡಿ, ಸಾಗಾಟ, ಕೆಟ್ಟುಹೋದ ಸೀರೆಯ ನಷ್ಟಕ್ಕೆ 500. ಒಟ್ಟು 4,500. ಮಾರುವವರು ಬೆಲೆಯಲ್ಲಿ ಮೂರನೇ ಒಂದು ಪಾಲು ಇಟ್ಟುಕೊಂಡರೆ, ಗಿರಾಕಿ ಕೈಗೆ ಸೀರೆ ಹೋಗುವಾಗ ಬೆಲೆ 6,750. ಇದೇ ಥರ ಕಾಣುವ ಪವರ್‌ಲೂಮ್ ಸೀರೆ ಸಂತೆಯಲ್ಲಿ ಇದರ ಕಾಲುಭಾಗಕ್ಕೂ ಕಡಿಮೆಗೆ ಸಿಗಬಹುದು. ಅದನ್ನು ಕೊಳ್ಳುವವರು ನಿಮ್ಮ ಗಿರಾಕಿ ಅಲ್ಲ. ಅವರ ಜೊತೆ ಚೌಕಾಶಿಗೆ ಕೂತರೆ ಮೊದಲು ಕತ್ತರಿ ಬೀಳುವುದು ಮಜೂರಿಗೆ. ನಾನು ನೋಡಿದ ಹಲವು ಪ್ರಯತ್ನಗಳು ಸೋತಿದ್ದು ಹೀಗೆಯೇ.

ನಿಮ್ಮ ದುಡ್ಡು ಎಲ್ಲಿಗೆ ಬೇಕು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಹನ್ನೊಂದು ಮಗ್ಗ, ಮಗ್ಗಕ್ಕೆ ತಿಂಗಳಿಗೆ ಆರು ಸೀರೆ ಅಂದರೂ 66 ಸೀರೆ. ಸೀರೆಗೆ 4,500ರಂತೆ ತಿಂಗಳಿಗೆ ಸುಮಾರು ಮೂರು ಲಕ್ಷ. ಸೀರೆ ಮಾರಾಟವಾಗಿ ಹಣ ವಾಪಸ್ ಬರಲು ಮೂರು ತಿಂಗಳು ಹಿಡಿದರೆ ಒಂಬತ್ತು ಲಕ್ಷ ರೂಪಾಯಿ ಹೊರಗೆ ಕೂತಿರುತ್ತದೆ. ಆ ಮೂರು ತಿಂಗಳೂ ನೇಕಾರರಿಗೆ ವಾರವಾರ ಮಜೂರಿ ಹೋಗಲೇಬೇಕು. ಶೆಡ್ಡಿಗೆ ಅಂತ ಎತ್ತಿಟ್ಟ ಹಣವನ್ನು ಇದಕ್ಕೇ ಇಟ್ಟುಕೊಳ್ಳಿ.

ಊರಿನ ಸಾವಕಾರ ಈ ಕೆಲಸವನ್ನೇ ಮಾಡುತ್ತಾ ಬಂದಿರುವುದು. ಅವನನ್ನು ಬೈಯುವುದು ಸುಲಭ. ಆದರೆ ನೂಲು ಕೊಡುವವನು ಅವನೇ, ವಾರದ ಮಜೂರಿ ಕೊಡುವವನು ಅವನೇ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ರಾತ್ರೋರಾತ್ರಿ ಮುಂಗಡ ಕೊಡುವವನೂ ಅವನೇ. ಸೀರೆ ಮಾರಾಟವಾಗದಿದ್ದರೆ ಆ ನಷ್ಟವೂ ಅವನದೇ. ಅದಕ್ಕೆಲ್ಲ ಸೇರಿಸಿ ಮಜೂರಿಯಲ್ಲಿ ಮುರಿದುಕೊಳ್ಳುತ್ತಾನೆ, ಅದು ಬೇರೆ ಮಾತು. ನೀವು ಬಂದ ತಕ್ಷಣ ಅವನನ್ನು ಬಿಟ್ಟು ಬನ್ನಿ ಅಂದರೆ ನೇಕಾರರು ಬರುವುದಿಲ್ಲ, ಬರಲೂಬಾರದು. ಮೂರು ಸೀರೆಯಲ್ಲಿ ಒಂದನ್ನು ನಮಗೆ ನೇಯ್ದುಕೊಡಿ, ಮಜೂರಿ ಇಷ್ಟು, ಶನಿವಾರ ತಪ್ಪದೆ ಕೈಗೆ ಅಂತ ಹೇಳಿ. ಒಂದು ವರ್ಷ ಶನಿವಾರ ತಪ್ಪಲಿಲ್ಲ ಅಂದರೆ ಉಳಿದ ಎರಡೂ ತಾವಾಗೇ ನಿಮ್ಮ ಕಡೆ ಬರುತ್ತವೆ.

ಇನ್ನು ಇಳಕಲ್ ಸೀರೆಯ ವಿಚಾರ. ಹೊಸಬರು ಮಗ್ಗ ನೋಡುತ್ತಾರೆ, ಮಗ್ಗಕ್ಕೆ ಬರುವ ಮುಂಚಿನ ಕೆಲಸ ನೋಡುವುದಿಲ್ಲ. ಈ ಸೀರೆಯಲ್ಲಿ ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಒಡಲು ಹತ್ತಿಯದಾದರೂ ಸೆರಗಿಗೆ ಕೆಂಪು ರೇಷ್ಮೆ, ಅಸಲಿಯೋ ಕೃತಕವೋ, ಬೇಕು. ಎರಡನ್ನೂ ಸೇರಿಸುವುದು ಕೊಂಡಿ ಹಾಕಿ. ಒಡಲಿನ ಎಳೆ ತುದಿಯಲ್ಲಿ ಮಡಚಿ ಕೊಂಡಿಯಾಗಿರುತ್ತದೆ. ಅದರೊಳಗೆ ಸೆರಗಿನ ಎಳೆಯ ಕೊಂಡಿ ಹಾಯಬೇಕು. ಸೀರೆಯ ಇಡೀ ಅಗಲಕ್ಕೂ ಹೀಗೆ ಒಂದೊಂದೇ ಎಳೆ. ಒಂದು ಎಳೆ ತಪ್ಪಿದರೂ ಸೆರಗು ಶುರುವಾಗುವಲ್ಲಿ ಸಣ್ಣ ಸೀಳು ಕಾಣುತ್ತದೆ. ಒಳ್ಳೆಯ ಸೀರೆಯನ್ನು ಬೆಳಕಿಗೆ ಹಿಡಿದರೆ ಹತ್ತಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ಅನ್ನುವುದು ಒಂದೇ ಗೆರೆ. ಬೇರೆ ಕಡೆ ಹತ್ತು ಸೀರೆಗೆ ಸಾಲುವಷ್ಟು ಉದ್ದದ ಹಾಸನ್ನು ಒಂದೇ ಸಲ ಏರಿಸಿ ನೇಯುತ್ತಾ ಹೋಗಬಹುದು. ಇಲ್ಲಿ ಆಗುವುದಿಲ್ಲ, ಪ್ರತಿ ಸೀರೆಗೂ ಹಾಸು ಬೇರೆ, ಕೊಂಡಿ ಬೇರೆ. ತುಟ್ಟಿಯಾಗುವುದೂ ಇದರಿಂದಲೇ, ಸುಲಭಕ್ಕೆ ನಕಲು ಮಾಡಲಾಗದ್ದೂ ಇದೇ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟ ತೆಗೆಯಿರಿ. ಊರಿನಲ್ಲಿ ಕೊಂಡಿ ಹಾಕುವವರು ಎಷ್ಟು ಜನ ಉಳಿದಿದ್ದಾರೆ? ಹಾಸು ಮಾಡುವವರು? ಬಣ್ಣ ಹಾಕುವವರು? ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿಗಳಲ್ಲಿ ಯಾವುದನ್ನು ಯಾರು ನೇಯಬಲ್ಲರು? ಎಷ್ಟೋ ಊರುಗಳಲ್ಲಿ ನೇಕಾರರು ಇಪ್ಪತ್ತು ಜನ ಇದ್ದು, ಕೊಂಡಿಗೆ ಇಬ್ಬರೇ ಅಜ್ಜಿಯರು ಇರುತ್ತಾರೆ. ಅವರಿಬ್ಬರ ಕೈ ನಿಂತ ದಿನ ಇಪ್ಪತ್ತು ಮಗ್ಗವೂ ನಿಂತಂತೆ. ನಿಮ್ಮ ಮೊದಲ ತರಬೇತಿ ಅವರ ಹತ್ತಿರವೇ ಆಗಬೇಕು. ಕಲಿಯುವವರಿಗೂ ಕಲಿಸುವವರಿಗೂ ಇಬ್ಬರಿಗೂ ದಿನಗೂಲಿ ಕೊಡಬೇಕು. ಬಿಟ್ಟಿ ಪಾಠ ಅಂದರೆ ನಾಲ್ಕು ದಿನ ನಡೆಯುತ್ತದೆ ಅಷ್ಟೇ.

ಹುಡುಗರನ್ನು ನೇರವಾಗಿ ಸೀರೆಗೆ ಕೂರಿಸಬೇಡಿ. ಆರು ತಿಂಗಳಾದರೂ ಸೆರಗು ಸರಿ ಬರುವುದಿಲ್ಲ, ಬೇಜಾರಾಗಿ ಬಿಡುತ್ತಾರೆ. ಅವರಿಗೆ ಮೀಟರ್ ಬಟ್ಟೆ ಕೊಡಿ. ಇಳಕಲ್ಲಿನ ಚೌಕಳಿ, ಗೆರೆಗಳಿರುವ ಒಡಲಿನ ಬಟ್ಟೆ ಕುರ್ತಾಗೆ, ಅಂಗಿಗೆ ಚೆನ್ನಾಗಿ ಒಪ್ಪುತ್ತದೆ. ಅದಕ್ಕೆ ಕೊಂಡಿ ಬೇಡ, ಉದ್ದ ಹಾಸು ಏರಿಸಬಹುದು, ಒಂದೆರಡು ತಿಂಗಳಲ್ಲೇ ಕೈಗೆ ಸ್ವಲ್ಪ ದುಡ್ಡು ಕಾಣುತ್ತದೆ. ಅಷ್ಟರಲ್ಲಿ ಯಾರ ಕೈ ಒಳ್ಳೆಯದು ಅನ್ನುವುದು ಗೊತ್ತಾಗುತ್ತದೆ, ಅವರನ್ನು ಸೀರೆಗೆ ಎಳೆಯಿರಿ. ಇನ್ನೊಂದು ಮಾತು. ನೇಕಾರ ಮನೆತನದ ಮಕ್ಕಳೇ ಬರಬೇಕು ಅಂತ ಕಾಯಬೇಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಚರಕ ಸಂಸ್ಥೆ ಕಟ್ಟಿದಾಗ ಅಲ್ಲಿ ನೇಯ್ಗೆಯ ಪರಂಪರೆಯೇ ಇರಲಿಲ್ಲ. ಹಳ್ಳಿಯ ಹೆಂಗಸರೇ ಕಲಿತರು, ನೇಯ್ದರು, ಅಡಿಕೆ ಚೊಗರಿನಂಥ ಬಣ್ಣ ಹಾಕಿದರು, ಹೊಲಿದರು. ನಿಮ್ಮೂರಿನಲ್ಲಿ ಕಲಿಸುವ ಅಜ್ಜಿಯರಾದರೂ ಇದ್ದಾರಲ್ಲ.

ಶೆಡ್ ಬೇಡ ಅಂದೆ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಹತ್ತಿ ನೂಲಿಗೆ ತೇವ ಇದ್ದಷ್ಟೂ ಬಲ. ಕುಣಿಮಗ್ಗದಲ್ಲಿ ನೆಲದ ತಂಪು ಹಾಸಿನ ಎಳೆಗಳಿಗೆ ತಾಗುತ್ತಿರುತ್ತದೆ. ಮಣ್ಣಿನ ಮಾಳಿಗೆ ಮನೆಯೊಳಗೆ ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲೂ ಎಳೆ ಅಷ್ಟಾಗಿ ಹರಿಯುವುದಿಲ್ಲ. ಅದೇ ಮಗ್ಗವನ್ನು ತಗಡಿನ ಶೆಡ್ಡಿನಲ್ಲಿ ಇಟ್ಟು ನೋಡಿ, ಮಧ್ಯಾಹ್ನದ ಹೊತ್ತಿಗೆ ನೂಲು ಒಣಗಿ ಹತ್ತು ನಿಮಿಷಕ್ಕೊಂದು ಎಳೆ ಹರಿಯುತ್ತದೆ. ನೇಯುವುದಕ್ಕಿಂತ ಗಂಟು ಹಾಕುವುದೇ ಜಾಸ್ತಿ. ಜೊತೆಗೆ ಹೆಂಗಸರು ಮನೆ, ಮಕ್ಕಳನ್ನು ಬಿಟ್ಟು ದಿನವಿಡೀ ಶೆಡ್ಡಿಗೆ ಬರಲು ಆಗುವುದಿಲ್ಲ. ಒಂದು ಊರಿನಲ್ಲಿ ಯೋಜನೆಯ ಹಣದಲ್ಲಿ ಕಟ್ಟಿದ ನೇಯ್ಗೆ ಶೆಡ್ಡಿನಲ್ಲಿ ಮೆಕ್ಕೆಜೋಳದ ಚೀಲ ಪೇರಿಸಿದ್ದನ್ನು ನಾನೇ ನೋಡಿದ್ದೇನೆ. ಕಟ್ಟಡಕ್ಕೆ ದುಡ್ಡು ಹಾಕಲೇಬೇಕು ಅಂತಿದ್ದರೆ ಇರುವ ಮನೆಗಳಿಗೇ ಹಾಕಿ. ಮಳೆಗಾಲದಲ್ಲಿ ಕುಣಿಗೆ ನೀರು ಬಾರದಂತೆ ಸುತ್ತ ಕಟ್ಟೆ ಮಾಡಿಸಿ. ಮಗ್ಗದ ಮೇಲೆ ಬೆಳಕಿಂಡಿ, ಒಂದು ಒಳ್ಳೆಯ ದೀಪ ಹಾಕಿಸಿ. ಐವತ್ತು ದಾಟಿದ ಕಣ್ಣಿಗೆ ಕೆಂಪು ರೇಷ್ಮೆಯ ಎಳೆ ಕಾಣಬೇಕಲ್ಲ. ಕಣ್ಣಿನ ತಪಾಸಣೆ ಮಾಡಿಸಿ ಕನ್ನಡಕ ಕೊಡಿಸಿದರೆ ಇನ್ನೂ ಒಳ್ಳೆಯದು. ಎಲ್ಲಾ ಖರ್ಚಿನಲ್ಲೂ ಅತಿ ಬೇಗ ಫಲ ಕೊಡುವುದು ಅದು.

ನೂಲಿನ ವಿಚಾರದಲ್ಲಿ ಎರಡೇ ಮಾತು. ಕೈಮಗ್ಗಕ್ಕೆ ಬೇಕಾದ್ದು ಲಡಿ ನೂಲು, ಅಂದರೆ ಸುರುಳಿಯಾಗಿ ಸುತ್ತಿ ಕಟ್ಟಿದ ನೂಲು. ಹತ್ತಿಯ ಒಂದು ಲಡಿ 840 ಗಜ. ಒಂದು ಪೌಂಡಿಗೆ ಎಷ್ಟು ಲಡಿ ಬರುತ್ತದೋ ಅದೇ ಕೌಂಟ್. 80 ಕೌಂಟ್ ಅಂತ ಹೇಳಿ 60 ಕೌಂಟ್ ಕೊಟ್ಟರೆ ತೂಕದಲ್ಲಿ ಸಿಕ್ಕಿಬೀಳುತ್ತದೆ. ಒಂದು ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಎರಡನೆಯದು, ನೂಲನ್ನು ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ತರಿಸಿದರೆ ಹತ್ತಿ, ದೇಶಿ ರೇಷ್ಮೆಯ ಲಡಿ ನೂಲಿಗೆ ಶೇಕಡಾ 15ರ ರಿಯಾಯಿತಿ ಇದೆ, ಒಬ್ಬರಿಗೆ ಇಷ್ಟೇ ಅಂತ ಮಿತಿಯೂ ಇದೆ. ರೇಷ್ಮೆ ಬೆಲೆ ಏರಿಳಿಯುತ್ತಲೇ ಇರುತ್ತದೆ. ಸೀರೆಯ ಬೆಲೆಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಬದಲಿಸಿ, ಮಜೂರಿಯನ್ನು ಮಾತ್ರ ಅದಕ್ಕೆ ಗಂಟು ಹಾಕಬೇಡಿ. ರೇಷ್ಮೆ ಏರಿದಾಗ ಮಜೂರಿ ಇಳಿಸುವುದು ಹಳೇ ಚಾಳಿ.

ಬಣ್ಣದಲ್ಲಿ ಹುಷಾರು. ಕೆಂಪು ಸೆರಗಿನ ಬಣ್ಣ ಒಡಲಿಗೆ ಹತ್ತಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಪ್ರತಿ ಬಾರಿ ಬಣ್ಣ ಹಾಕಿದಾಗಲೂ ಒಂದು ತುಂಡು ಲಡಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಕೆಂಪು ಹತ್ತಿತೋ, ಆ ಲಡಿ ಮಗ್ಗಕ್ಕೆ ಏರಬಾರದು. ಸಸ್ಯಬಣ್ಣ ಮಾಡೋಣ ಅಂತ ಗೆಳೆಯರಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಮಾಡಿ, ಆದರೆ ಎರಡನೇ ವರ್ಷ. ಅದಕ್ಕೆ ಬೇರೆಯದೇ ಕೈ ಬೇಕು.

ಸರ್ಕಾರದಿಂದ ಸಿಗುವುದು ಕಡಿಮೆ ಏನಲ್ಲ. ಮೊದಲು ಎಲ್ಲಾ ನೇಕಾರರಿಗೂ, ಸಿದ್ಧತೆ ಕೆಲಸದ ಹೆಂಗಸರಿಗೂ ನೇಕಾರರ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್, ಇದೆಯಾ ನೋಡಿ. ಅದಿಲ್ಲದೆ ಉಳಿದ ಬಾಗಿಲು ತೆರೆಯುವುದು ಕಷ್ಟ. ನೇಕಾರರ ಮುದ್ರಾ ಸಾಲದ ಬಡ್ಡಿ ಶೇಕಡಾ 6, ಜೊತೆಗೆ ಸಾಲದ ಶೇಕಡಾ 20ರಷ್ಟು, ಗರಿಷ್ಠ 25,000 ರೂಪಾಯಿ, ಮಾರ್ಜಿನ್ ಹಣ (ಸಾಲಗಾರ ಕೈಯಿಂದ ಹಾಕಬೇಕಾದ ಪಾಲಿಗೆ ನೆರವು) ಅಂತ ಸಿಗುತ್ತದೆ. ಮಗ್ಗ, ಸಲಕರಣೆ ಬದಲಿಸಲು ಹತ್‌ಕರ್ಘಾ ಸಂವರ್ಧನ್ ಸಹಾಯತಾ ಅಂತ ಕೇಂದ್ರದ ಯೋಜನೆ ಇದೆ, ಬೆಲೆಯ ಶೇಕಡಾ 90 ಅವರೇ ಕೊಡುತ್ತಾರೆ. ನೋಡಿ, ನೀವು ಕೈಯಿಂದ ಹಾಕಬೇಕು ಅಂದುಕೊಂಡಿದ್ದೇ ಇದು! ರಾಜ್ಯದ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 5,000 ರೂಪಾಯಿ ಖಾತೆಗೆ ಬರುತ್ತದೆ. ವಿನ್ಯಾಸ, ಬಣ್ಣದ ತಾಂತ್ರಿಕ ಸಲಹೆಗೆ ಬೆಂಗಳೂರಿನ ನೇಕಾರರ ಸೇವಾ ಕೇಂದ್ರ ಇದೆ. ನೀವು ಅಲ್ಲೇ ಇದ್ದೀರಲ್ಲ, ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ ಈಗಿನದನ್ನು ಕೇಳಿಕೊಳ್ಳಿ.

ಆದರೆ ಮಾರಾಟಕ್ಕೆ ಮಾತ್ರ ಸರ್ಕಾರವನ್ನು ನಂಬಿಕೊಳ್ಳಬೇಡಿ. 1970ರ ದಶಕದಲ್ಲಿ ಜನತಾ ಬಟ್ಟೆ ಯೋಜನೆ ಬಂದಾಗ ಲಕ್ಷಾಂತರ ಮಗ್ಗಗಳಿಗೆ ಕೆಲಸ ಸಿಕ್ಕಿದ್ದು ನಿಜ. ನೇಯಬೇಕಾದ್ದು ಒರಟು, ಅಗ್ಗದ ಬಟ್ಟೆ. 1990ರ ದಶಕದಲ್ಲಿ ಯೋಜನೆ ನಿಂತಿತು. ಆ ಹೊತ್ತಿಗೆ ಎಷ್ಟೋ ನೇಕಾರರ ಕೈಗೆ ನಾಜೂಕಿನ ಕೆಲಸ ಮರೆತೇಹೋಗಿತ್ತು. ಒಬ್ಬನೇ ಗಿರಾಕಿ ಇದ್ದರೆ, ಆ ಗಿರಾಕಿ ಸರ್ಕಾರವೇ ಆದರೂ, ಅವನು ಎದ್ದು ಹೋದ ದಿನ ಮಗ್ಗ ನಿಲ್ಲುತ್ತದೆ.

ಸಹಕಾರ ಸಂಘ ಮಾಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಊರಿಗೆ ಹೋದ ಮೊದಲ ದಿನವೇ ಯಾರಾದರೂ ಕೇಳುತ್ತಾರೆ. ಮೊದಲ ವರ್ಷ ಬೇಡ. ಅಧ್ಯಕ್ಷ ಯಾರು ಅನ್ನುವ ಜಗಳ ಶುರುವಾಗುತ್ತದೆ, ಸೀರೆ ಹಿಂದೆ ಬೀಳುತ್ತದೆ. ಐದಾರು ಮನೆಯ ಒಂದು ಗುಂಪು, ಒಂದು ಬ್ಯಾಂಕ್ ಖಾತೆ, ಎಲ್ಲರಿಗೂ ಕಾಣುವಂತೆ ಗೋಡೆಗೆ ಬರೆದ ಲೆಕ್ಕ, ಇಷ್ಟು ಸಾಕು. ಮಗ್ಗ ಜಾಸ್ತಿಯಾಗಿ ದೊಡ್ಡ ಸಾಲ ಬೇಕಾದಾಗ ಸಂಘವೋ, ಹತ್ತು ಜನ ಸೇರಿ ಉತ್ಪಾದಕರ ಕಂಪನಿಯೋ ಮಾಡಿಕೊಳ್ಳಿ. ನೇಯುವವರೇ ಪಾಲುದಾರರಾಗಬೇಕು, ಬೆಂಗಳೂರಿನ ಐವರು ಮಾತ್ರ ಅಲ್ಲ. ಇದು ಸ್ವಲ್ಪ ಕಹಿ ಅನ್ನಿಸಬಹುದು.

ಹೆಸರಿನ ವಿಚಾರ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ) ಮಾನ್ಯತೆ ಇದೆ. ನೋಂದಣಿಯಲ್ಲಿ ಹೇಳಿದ ಪ್ರದೇಶದೊಳಗೆ ನಿಮ್ಮೂರು ಬರುತ್ತದಾ ಅಂತ ಮೊದಲು ನೋಡಿ. ಬಂದರೆ ನೇಕಾರರನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿ, ಜೊತೆಗೆ ಇದು ಕೈಮಗ್ಗದ್ದೇ ಅಂತ ತೋರಿಸುವ ಹ್ಯಾಂಡ್‌ಲೂಮ್ ಮಾರ್ಕ್ ತಗೊಳ್ಳಿ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ 11 ಬಗೆಯ ಬಟ್ಟೆಗಳಲ್ಲಿ ಸೀರೆಯೂ ಇದೆ. ಕಾಯ್ದೆಯಲ್ಲಿ ವಿವರಿಸಿದಂಥ ಸೀರೆಯನ್ನು ಪವರ್‌ಲೂಮಿನಲ್ಲಿ ನೇಯುವಂತಿಲ್ಲ. ನೇಯುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ದೂರು ಕೊಡುತ್ತಾ ಕೂರಬೇಡಿ, ನಿಮ್ಮ ಸೀರೆಯ ಮೇಲೆ ಗುರುತು ಹಾಕಿ.

ಜಿಐ ಸಿಕ್ಕಿದ ಮಾತ್ರಕ್ಕೆ ಸೀರೆ ಮಾರಾಟವಾಗುವುದಿಲ್ಲ ಅನ್ನುವುದಕ್ಕೆ ಉಡುಪಿ ಸೀರೆ ನೋಡಿ. ಅದಕ್ಕೆ 2016ರಲ್ಲೇ ಜಿಐ ಬಂತು. ಆಮೇಲೂ ನೇಯುವವರು ಬೆರಳೆಣಿಕೆಯಷ್ಟು ಹಿರಿಯರೇ ಇದ್ದರು. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೆಲಸಕ್ಕೆ ಇಳಿದ ಮೇಲೆ ಸೀರೆ ಮತ್ತೆ ಎದ್ದಿತು. ಮಜೂರಿ ಏರಿತು, ಹೊಸಬರು ಕಲಿಯಲು ಬಂದರು, ಸೀರೆಯ ಜೊತೆ ನೇಯ್ದವರ ಹೆಸರಿನ ಚೀಟಿಯೂ ಹೋಯಿತು. ಅಲ್ಲೂ ಇದ್ದ ಸಂಘವನ್ನೇ ಹಿಡಿದುಕೊಂಡರು, ಹೊಸದನ್ನು ಕಟ್ಟಲಿಲ್ಲ. ನಿಮ್ಮ ಐವರಲ್ಲಿ ಇಬ್ಬರಾದರೂ ಒಮ್ಮೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.

ಇನ್ನು ಆನ್‌ಲೈನ್. ಅದು ಅಂಗಡಿ ಮಾತ್ರ, ಗಿರಾಕಿಯನ್ನು ತಂದು ಕೊಡುವುದಿಲ್ಲ. ಮೊದಲ ನೂರು ಸೀರೆ ನಿಮ್ಮ ಆಫೀಸು, ಅಪಾರ್ಟ್‌ಮೆಂಟ್, ಬಂಧುಬಳಗದಲ್ಲೇ ಮಾರಾಟವಾಗಬೇಕು. ಉಟ್ಟವರು ಏನಂದರು ಅಂತ ಬರೆದಿಟ್ಟುಕೊಳ್ಳಿ. ಬಣ್ಣ ಹೋಯಿತಾ, ಕೊಂಡಿ ಬಿಟ್ಟಿತಾ, ಉದ್ದ ಸಾಲಿತಾ, ಎಲ್ಲವೂ ಬೇಕು. ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ, ಫಿಲ್ಟರ್ ಹಾಕಬೇಡಿ. ಒಡಲು-ಸೆರಗು ಸೇರುವ ಜಾಗದ ಹತ್ತಿರದ ಚಿತ್ರ ಒಂದು ಇರಲೇಬೇಕು. ಸೆರಗಿನಲ್ಲಿರುವುದು ಅಸಲಿ ರೇಷ್ಮೆಯೋ ಕೃತಕ ರೇಷ್ಮೆಯೋ ಅನ್ನುವುದನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ. ಕೃತಕ ರೇಷ್ಮೆ ತಪ್ಪಲ್ಲ, ಎಷ್ಟೋ ಮನೆಯ ನಿತ್ಯದ ಸೀರೆ ಅದೇ. ಮುಚ್ಚಿಟ್ಟು ಮಾರುವುದು ತಪ್ಪು. ಹೆಚ್ಚು ಆರ್ಡರ್ ಬಂದರೆ ಖುಷಿಯಲ್ಲಿ ಎಲ್ಲಕ್ಕೂ ಒಪ್ಪಿಕೊಳ್ಳಬೇಡಿ. ಮಗ್ಗಕ್ಕೆ ತಿಂಗಳಿಗೆ ಆರು ಅಂದರೆ ಆರೇ. ಏಳನೆಯವರಿಗೆ ಮುಂದಿನ ತಿಂಗಳ ತಾರೀಖು ಹೇಳಿ, ಕಾಲುಭಾಗ ಮುಂಗಡ ತಗೊಳ್ಳಿ. ಆ ಮುಂಗಡದಲ್ಲೇ ಅವರ ಸೀರೆಯ ನೂಲು ಬಂದುಬಿಡುತ್ತದೆ.